ಕಪ್ಪಿಟ್ಟ ಪದಕ

ಝೇನ್ಸ್‌ವಿಲ್, ಓಹಾಯೊ
18 ನವೆಂಬರ್ 1974

ಪ್ರೀತಿಯ ಲೀಲ್ಯಾಂಡ್,

ನಿನ್ನ ಪೊಟ್ಟಣ ಕೈಸೇರಿ ಮೂರು ವಾರವಾಯಿತು. ಕೂಡಲೇ ಬರೆಯಲಿಲ್ಲವೆಂದು ಬೈದುಕೋ, ಮರೆತೆ ಎಂದುಕೊಳ್ಳಬೇಡ. ನನ್ನ ಮಂಡಿನೋವು ಹಾಗೇ ಇದೆ. ಉಳಿದಂತೆ ಇಬ್ಬರೂ ಕ್ಷೇಮ.

ಹತ್ತಿ ಸರಿಸಿ ದೀಪದ ಕೆಳಗೆ ಹಿಡಿದು ನೋಡಿದೆ. 1876ರ ಫಿಲಡೆಲ್ಫಿಯಾ ಪ್ರದರ್ಶನದ ಅಲ್ಯೂಮಿನಿಯಂ ಪದಕ, ಅದೂ ಒಂದು ಗೀರಿಲ್ಲದ್ದು. ಅಂಗೈಯಲ್ಲಿದೆಯೋ ಇಲ್ಲವೋ ಎನ್ನುವಷ್ಟು ಹಗುರ. ಈ ಲೋಹವೇ ಅಪರೂಪವಾಗಿದ್ದ ಕಾಲದ್ದನ್ನು ಯಾರಾದರೂ ಕೈಬಿಡುತ್ತಾರೆಯೇ? ನೀನು ಬಿಟ್ಟೆ, ನನಗಾಗಿ. ನಿನ್ನಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ.

ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿ ವರ್ನಾ ನನ್ನಲ್ಲಿದ್ದ ಇಂಥದೇ ಪದಕವನ್ನು ಬಟ್ಟೆ ಸೋಡದಲ್ಲಿ ನೆನೆಹಾಕಿ ಕಪ್ಪಾಗಿಸಿದ ಕಥೆ ನಮ್ಮ ಸಂಗ್ರಾಹಕರ ಸಂಘದಲ್ಲಿ ಯಾರಿಗೆ ಗೊತ್ತಿಲ್ಲ? ಪ್ರತಿ ಡಿಸೆಂಬರ್ ಊಟದಲ್ಲೂ ಅವಳಿಗೆ ರಿಬ್ಬನ್ ಕಟ್ಟಿದ ಸೋಡದ ಡಬ್ಬಿ ಕೊಡುತ್ತೀರಿ. "ತಾಯಿ, ನನ್ನ ಪೆಟ್ಟಿಗೆ ಕಡೆ ಮಾತ್ರ ಸುಳೀಬೇಡ," ಎಂದು ನೀನು ರೇಗಿಸುತ್ತೀಯ. ಅವಳೂ ನಕ್ಕು ಎಲ್ಲರಿಗೂ ತಾನು ಬೇಯಿಸಿ ತಂದ ಸೇಬಿನ ಪೈ ಬಡಿಸುತ್ತಾಳೆ.

ಈ ಸಲ ಮಾತ್ರ, "ನೀನು ಹೋಗಿ ಬಾ, ನಾನು ಬರಲ್ಲ," ಎಂದುಬಿಟ್ಟಳು. ಯಾಕೆ ಎಂದೆ. "ಹನ್ನೊಂದು ಡಬ್ಬಿ ಆಯ್ತು. ಇನ್ನೊಂದು ಇಡೋಕೆ ಜಾಗ ಇಲ್ಲ." ನಗಲಿಲ್ಲ. ನಲವತ್ತು ವರ್ಷ ಹಳೇ ಸಾಮಾನಿನ ಸಂತೆಗಳಲ್ಲಿ ನನ್ನ ಜೊತೆ ಅಲೆದವಳು ಅವಳು. ತವರವೋ ಅಲ್ಯೂಮಿನಿಯಮೋ ಎಂದು ಬರೀ ಕೈಯಲ್ಲಿ ಎತ್ತಿ ಹೇಳಿಬಿಡುತ್ತಾಳೆ. ನನ್ನ ಸಂಗ್ರಹದ ಅರ್ಧ ಅವಳ ಕೃಪೆ. ಅವಳನ್ನು ಬಿಟ್ಟು ನಾನೊಬ್ಬನೇ ಆ ಊಟಕ್ಕೆ ಹೇಗೆ ಬರಲಿ?

ನಿನಗೂ ಮೇಬಲ್‌ಗೂ ದೇವರು ಆಯಸ್ಸು, ಆರೋಗ್ಯ ಕೊಡಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ,
ಆರ್ವಿಲ್

ತಾ.ಕ.: ಸೋಡದಲ್ಲಿ ಹಾಕಿದವನು ನಾನು, ಲೀಲ್ಯಾಂಡ್. ಪದಕ ತೊಳೆಯುವವನು ಸಂಗ್ರಾಹಕನೇ ಅಲ್ಲ ಎಂದು ಹೊಸಬರಿಗೆಲ್ಲ ಭಾಷಣ ಬಿಗಿಯುತ್ತಿದ್ದ ನಾನೇ. ಸಂಘದ ಪ್ರದರ್ಶನದಲ್ಲಿ ಎಲ್ಲರದ್ದಕ್ಕಿಂತ ಹೆಚ್ಚು ಹೊಳೆಯಲಿ ಎಂಬ ಆಸೆ. ಏನಾಯಿತೆಂದು ನೀವು ಕೇಳಿದಾಗ ಬಾಯಿಗೆ ವರ್ನಾಳ ಹೆಸರು ಬಂತು. ಪಕ್ಕದಲ್ಲೇ ಇದ್ದ ಅವಳು ತುಟಿಪಿಟಕ್ಕೆನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನೀನು ಕಳಿಸಿದ್ದು ಕೈಗೆ ಬಂದಾಗಿನಿಂದ ನನಗೆ ತಲೆ ಎತ್ತಲಾಗುತ್ತಿಲ್ಲ. ಇದನ್ನು ಊಟದ ದಿನಕ್ಕೂ ಮೊದಲೇ ಸಂಘದಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದು. ಈಗಷ್ಟೇ ಅವಳಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸುತ್ತಾ, "ಮೊದಲು ಅವರು ಓದಲಿ. ನಾನು ಬರೋದು ಬಿಡೋದು ಆಮೇಲೆ," ಎಂದಳು.