ಮಹಾಬಲಿಯ ದಿಂಬು

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ಶಾಲೆಯ ಓಣಂ ಹಬ್ಬಕ್ಕೆ ಮಹಾಬಲಿಯ ವೇಷ ಬೇಕೆಂದು ಆಯಾ ಕೈಲಿ ಹೇಳಿ ಕಳಿಸಿದ್ದಿರಿ. ಪಂಚೆ ಒಗೆದು ಇಸ್ತ್ರಿ ಮಾಡಿದ್ದೇನೆ. ಕಿರೀಟದ ಬಂಗಾರದ ಕಾಗದ ಕಿತ್ತು ಬಂದಿತ್ತು, ಅಂಟಿಸಿದ್ದೇನೆ. ಮೀಸೆ ಬೆಂಕಿಪೊಟ್ಟಣದಲ್ಲಿದೆ, ಯಾರೂ ಎಸೆಯದಂತೆ ನೋಡಿಕೊಳ್ಳಿ.

ಈ ಸಲ ರಾಜನಾಗುವುದು ಪಿ.ಟಿ. ಮೇಷ್ಟ್ರಂತೆ. ಅವರಿಗೊಂದು ಮಾತು ಹೇಳಿಬಿಡಿ. ಮಕ್ಕಳೆದುರು ಮೀಸೆ ಕೀಳುವುದು ಬೇಡ, ಮಾತನ್ನೂ ಆಡುವುದು ಬೇಡ. ಪ್ರತಿ ವರ್ಷ ನಮ್ಮನೆಯವರೇ ಈ ವೇಷ ಹಾಕುತ್ತಿದ್ದರಲ್ಲ, ಮಗಳು ಅದನ್ನೇ ನಂಬಿ ಕೂತಿದ್ದಾಳೆ. "ರಾಜ ಪಾತಾಳಕ್ಕೆ ಹೋದ್ರೂ ವರ್ಷಕ್ಕೊಂದ್ಸಲ ನೋಡೋಕೆ ಬರ್ತಾನಲ್ಲಮ್ಮ, ಅಪ್ಪಾನೂ ಅವತ್ತು ಬಂದೇ ಬರ್ತಾರೆ" ಅನ್ನುತ್ತಾಳೆ. ಮುಂದಿನ ಸಾಲಿನಲ್ಲೇ ಕೂರುತ್ತಾಳಂತೆ. ದನಿ ಕೇಳಿದರೆ ಗೊತ್ತಾಗಿಬಿಡುತ್ತದೆ. ಹಬ್ಬ ಮುಗಿದ ಮೇಲೆ ನಾನೇ ಹೇಳುತ್ತೇನೆ. ಹೇಗೆಂದು ಮಾತ್ರ ಕೇಳಬೇಡಿ.

ಹೊಟ್ಟೆಗೆ ಕಟ್ಟುತ್ತಿದ್ದ ದಿಂಬನ್ನು ಕಳಿಸಿಲ್ಲ. ಮೇಷ್ಟ್ರು ಕಡ್ಡಿಯ ಹಾಗಿದ್ದಾರೆ, ಶಾಲೆಯಲ್ಲೇ ಎರಡು ದಿಂಬು ಹುಡುಕಿ ಕಟ್ಟಿಕೊಳ್ಳಲಿ. ಇದು ನಮ್ಮನೆಯವರು ದಿನಾ ತಲೆಗಿಟ್ಟುಕೊಂಡು ಮಲಗುತ್ತಿದ್ದ ದಿಂಬು. ಅವರು ತೀರಿಕೊಂಡಾಗಿನಿಂದ ಅದರ ಕವರು ಒಗೆದಿಲ್ಲ.

ಮೊನ್ನೆಯಿಂದ ಅದರಲ್ಲಿ ಅವರ ವಾಸನೆಯೂ ಬರುತ್ತಿಲ್ಲ. ಆದರೂ ಕೊಡಲಾರೆ.

ಇಂತಿ,
ನಿಮ್ಮ ಡ್ರಾಯಿಂಗ್ ಮೇಷ್ಟ್ರ ಹೆಂಡತಿ