ನಿನ್ನ ಹೆಸರಿನಲ್ಲಿದ್ದ ರೊಕ್ಕ

ಅವ್ವಾ,

ನೀನು ಹೋದ ವರ್ಷವೇ ತೀರಿಕೊಂಡದ್ದು ಒಳ್ಳೆಯದಾಯಿತು ಎಂದು ಹೆತ್ತ ಮಗಳು ಬರೆಯಬಾರದು. ಬರೆಯುತ್ತಿದ್ದೇನೆ, ಬೈದುಕೋ. ನೀನು ಪಿಗ್ಮಿ ಏಜೆಂಟಾಗಿ ಚಪ್ಪಲಿ ಸವೆಸಿದ ರಂಗಂಪೇಟೆಯ ಬ್ಯಾಂಕು ಮುಳುಗಿತು. ಲೈಸೆನ್ಸು ರದ್ದಾಗಿ ಬಾಗಿಲಿಗೆ ಸೀಲು ಬಿದ್ದಿದೆ. ಉಳಿದದ್ದನ್ನು ಮಾರಿ ಲೆಕ್ಕ ಮುಗಿಸಲು ಯಾದಗಿರಿಯಿಂದ ಒಬ್ಬ ಅಧಿಕಾರಿ ಬಂದು ಕೂತಿದ್ದಾನೆ.

ನೀನು ಪಿಗ್ಮಿ ಮಷೀನು ಬಗಲಿಗೆ ಹಾಕಿಕೊಂಡು ಬಜಾರಿಗೆ ಇಳಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದೆ. ಕಾಯಿಪಲ್ಲೆಯವರು, ಬಳೆಯವರು, ಹೂವಿನವರು ದಿನದ ದುಡಿಮೆಯಲ್ಲಿ ಒಂದಿಷ್ಟನ್ನು ನಿನ್ನ ಕೈಗೆ ಹಾಕುತ್ತಿದ್ದರು. ಸೊಪ್ಪು ಮಾರುವ ದೇವಮ್ಮ ಒಮ್ಮೆ ಸೆರಗಿನ ಗಂಟು ಬಿಚ್ಚುತ್ತಾ, "ಯಕ್ಕಾ, ನಿನ್ನ ಹೆಸರಿಲೇ ಹಾಕು. ಪಾಸ್‌ಬುಕ್ ನನ್ನ ಗಂಡನ ಕಣ್ಣಿಗಿ ಬಿದ್ರ ಎಲ್ಲಾ ಮಟಕಾಕ್ಕ ಹೋಗ್ತದ" ಅಂದಳು. ನೀನು ನಕ್ಕು ಹೂಂ ಅಂದೆ. ಒಬ್ಬಳಿಗೆ ಅಂದದ್ದು ಬೀದಿಗೆಲ್ಲ ಅಂದ ಹಾಗಾಯಿತು. ಹೆರಿಗೆಗೆ, ಮದುವೆಗೆ ಕೇಳಿದಾಗ ನೀನು ತೆಗೆದುಕೊಡುತ್ತಿದ್ದೆ, ಯಾರೂ ಒಂದು ಚೀಟಿ ಕೇಳಲಿಲ್ಲ.

ಬ್ಯಾಂಕಿನ ಅಧ್ಯಕ್ಷರು ತಮ್ಮ ಬೀಗರ ಶಹಾಪುರದ ಹತ್ತಿ ಮಿಲ್ಲಿಗೆ ಸಾಲ ಕೊಟ್ಟಾಗ ಜಾಮೀನು ಯಾರು ಎಂದು ನಾನು ಕೇಳಿದ್ದೆ, ನೆನಪಿದೆಯೇ? "ದೊಡ್ಡ ಮಂದಿಗಿ ಜಾಮೀನ ಕೇಳಾಕ ಬರ್ತದೇನ? ಮುಲಾಜ ಇರ್ತದ" ಅಂದಿದ್ದೆ ನೀನು. ಮಿಲ್ಲು ನಿಂತ ಮೇಲೂ ಹಳೇ ಬಡ್ಡಿ ಮುಚ್ಚಲು ಹೊಸ ಸಾಲ ಕೊಟ್ಟರು. ದೇವಮ್ಮ ತಳ್ಳುಗಾಡಿಗೆ ಸಾಲ ಕೇಳಿದಾಗ ಮಾತ್ರ ಇಬ್ಬರು ಜಾಮೀನುದಾರರು ಬೇಕಾಗಿದ್ದರು! ಊರಿಗೆಲ್ಲ ತಿಳಿದಿತ್ತು. ನಿನಗೂ ತಿಳಿದಿದ್ದರೆ, ತಿಳಿದೂ ನೀನು...

ಆ ಅಧಿಕಾರಿ ಒಳ್ಳೆಯವನೇ. ವಾರಸುದಾರಳೆಂದು ನನ್ನನ್ನು ಕೂರಿಸಿ, "ಬ್ಯಾಂಕ್ ಮುಳುಗಿದ್ರ ಠೇವಣಿಗಿ ವಿಮಾ ಪರಿಹಾರ ಬರ್ತದರಿ. ಆದ್ರ ಒಬ್ಬರ ಹೆಸರಿಗಿ ಇಷ್ಟ ಅಂತ ಮಿತಿ ಅದ" ಎಂದ. ನಿನ್ನ ಹೆಸರಿನಲ್ಲಿದ್ದದ್ದು ಅದರ ದುಪ್ಪಟ್ಟಿಗಿಂತ ಹೆಚ್ಚು. ಇದು ಬಜಾರಿನ ಹೆಂಗಸರದು ಎಂದೆ. "ಅವರವರ ಹೆಸರಿಲೇ ಇದ್ದಿದ್ರ ಎಲ್ಲರಿಗೂ ಪೂರಾ ಬರ್ತಿತ್ತು, ತಂಗಿ" ಎಂದು ಅವನು ತಲೆ ತಗ್ಗಿಸಿದ. ಅವತ್ತು ನಿನ್ನ ಮೇಲೆ ಎಂಥ ಸಿಟ್ಟು ಬಂತು! ನಿನ್ನ ಫೋಟೋಕ್ಕೆ ದೀಪವನ್ನೂ ಹಚ್ಚಲಿಲ್ಲ.

ಬಂದದ್ದನ್ನು ಹಂಚಿದೆ. ಎಲ್ಲರನ್ನೂ ಮನೆಗೆ ಕರೆದು ನಿಮ್ಮದೆಷ್ಟು ಎಂದು ನೀವೇ ಹೇಳಿ ಅಂದೆ. ಹೇಳಿದರು, ಯಾರೂ ಯಾರನ್ನೂ ಅನುಮಾನಿಸಲಿಲ್ಲ. ನನ್ನ ಮದುವೆಗೆಂದು ನೀನು ಮನೆಯಲ್ಲಿ ಕೂಡಿಸಿಟ್ಟಿದ್ದನ್ನೂ ಸೇರಿಸಿಬಿಟ್ಟೆ. ಆದರೂ ಯಾರಿಗೂ ಅವರದರಲ್ಲಿ ಅರ್ಧವೂ ಮುಟ್ಟಲಿಲ್ಲ. ಗಂಡಂದಿರಿಗೆ ಹೇಳುವಂತಿಲ್ಲ, ಬ್ಯಾಂಕಿನ ಮುಂದೆ ಹೋಗಿ ಕೂಗಾಡುವಂತಿಲ್ಲ. ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಎದ್ದು ಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ದೇವಮ್ಮನ ಮಗಳಿಗೆ ಕಲಬುರಗಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀಸು ತುಂಬಲಾಗದೆ ಕೈತಪ್ಪಿತು. ಈಗ ಆ ಹುಡುಗಿ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತು ಜಂಪರಿಗೆ ಗುಂಡಿ ಹಚ್ಚುತ್ತಾಳೆ. ನಾನು ಅವಳ ಮುಖ ನೋಡುವುದಿಲ್ಲ.

ನಿನ್ನೆ ದೇವಮ್ಮ ಬಂದಳು. ಮಗಳು ಚಹಾ ತರಲು ಹೋಗುವವರೆಗೆ ಕಾದು, ಒಂದಿಷ್ಟು ನೋಟು ನನ್ನ ಕೈಯಲ್ಲಿ ತುರುಕಿದಳು. "ಬರೋ ವರ್ಷಕ್ಕರ ಆಕೀನ ಕಳಸಬೇಕವ್ವ. ಇದು ನಿನ್ನ ಹತ್ರ ಇರ್ಲಿ. ನಿನ್ನ ಹೆಸರಿಲೇ ಹಾಕು."

ಇಷ್ಟಾದ ಮೇಲೂ ಹೀಗೆ ನಂಬುತ್ತಾರಲ್ಲ, ಇವರನ್ನು ಏನು ಮಾಡಲಿ? ನಿನಗೂ ಹೀಗೇ ಆಗಿತ್ತೇ? ಬೇಡ ಅನ್ನಲು ಬಾಯಿ ಬರಲಿಲ್ಲವೇ? ನಾನು ಬೇಡ ಅಂದೆ, ಅವ್ವಾ. ನೋಟುಗಳನ್ನು ಅವಳ ಸೆರಗಿಗೇ ಕಟ್ಟಿದೆ. ಸೋಮವಾರ ಅವಳನ್ನು ಅಂಚೆ ಕಚೇರಿಗೆ ಕರೆದೊಯ್ಯುತ್ತೇನೆ, ಖಾತೆ ಅವಳ ಹೆಸರಿನಲ್ಲೇ ಆಗಲಿ. ಗಂಡ ಜಗಳಕ್ಕೆ ಬಂದರೆ ನನ್ನ ಬಾಗಿಲಿಗೆ ಬರಲಿ.

ನಿನ್ನ ಮಗಳು