ಕುಳ್ಳಯ್ಯನವರ ಹೆಸರಿನ ಮುಂದೆ ನಾನು ಒತ್ತಿದ ಹಸಿರು

ಸಿಬ್ಬಂದಿ ಕ್ಷೇಮ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕಂಪನಿಯು ಯಸಳೂರು ಕಡೆಯ ಎಸ್ಟೇಟಿನ ಆನೆ ಕಾವಲುಗಾರ ಕುಳ್ಳಯ್ಯನವರನ್ನು ವಿಚಾರಣೆಗೆ ಕರೆದಿದೆ. ಆನೆ ಇಲ್ಲದ ಕಡೆ ಆನೆ ಇದೆಯೆಂದು ಹೇಳಿ ಹತ್ತೊಂಬತ್ತು ದಿನ ಕೊಯ್ಲು ನಿಲ್ಲಿಸಿದರು ಎಂಬುದು ಆರೋಪ. ಆ ಹತ್ತೊಂಬತ್ತು ದಿನವೂ ತಮ್ಮ ಮನಸ್ಸು ಚೆನ್ನಾಗಿದೆಯೆಂದು ಅವರೇ ನಿಮ್ಮ ಕ್ಷೇಮ ದಾಖಲೆಯಲ್ಲಿ ತಿಳಿಸಿದ್ದಾರೆ, ಆದ್ದರಿಂದ ಇದು ನಾಟಕ ಎಂಬುದು ಸಾಕ್ಷ್ಯ. ಆ ಸಾಕ್ಷ್ಯ ಸುಳ್ಳು. ಅದನ್ನು ಸೃಷ್ಟಿಸಿದವಳು ಎಸ್ಟೇಟ್ ಕಚೇರಿಯಲ್ಲಿ ಕೂರುವ ನಾನು.

ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ನಿಮಗಷ್ಟೇ ಕಳಿಸಬಹುದಿತ್ತು. ಓದಿದ್ದು ಕಾನ್ವೆಂಟಿನಲ್ಲಿ, ಹದಿನೇಳು ವರ್ಷದಿಂದ ನಿಮ್ಮ ಕಚೇರಿಗೆ ವರದಿ ಬರೆಯುತ್ತಿರುವುದೂ ಆ ಭಾಷೆಯಲ್ಲೇ. ಹಾಗೆ ಎರಡು ಸಲ ಬರೆದೆ ಕೂಡ. ಎರಡಕ್ಕೂ, ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂಬ ಉತ್ತರ ತಕ್ಷಣ ಬಂತು. ಬರೆದದ್ದು ಯಂತ್ರವೆಂದು ಅದರ ಕೆಳಗೇ ನಮೂದಾಗಿತ್ತು. ಆ ಪ್ರಾಮಾಣಿಕತೆಗೆ ಧನ್ಯವಾದ. ಮೂರನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಿಮ್ಮ ಯೋಜನೆಯ ವಿಷಯ ಓದುಗರಿಗೆ ಗೊತ್ತಿರಲಾರದು. ಹದಿನಾಲ್ಕು ತಿಂಗಳ ಹಿಂದೆ ಪ್ರತಿ ಎಸ್ಟೇಟಿಗೂ ಒಂದು ಟ್ಯಾಬ್ ಬಂತು. ಬೆಳಿಗ್ಗೆ ಹಾಜರಿ ಕೂಗುವಾಗ ಪ್ರತಿಯೊಬ್ಬ ಕಾರ್ಮಿಕನೂ ತನ್ನ ಹೆಸರಿನ ಮುಂದೆ ಮನಸ್ಸಿನ ಬಣ್ಣವನ್ನು ಒತ್ತಬೇಕು. ಚೆನ್ನಾಗಿದ್ದರೆ ಹಸಿರು, ಅಷ್ಟಕ್ಕಷ್ಟೇ ಆದರೆ ಹಳದಿ, ಕೆಟ್ಟಿದ್ದರೆ ಕೆಂಪು. ಜೊತೆಗೆ ಒಂದು ಪೋಸ್ಟರೂ ಬಂತು. ಅದರಲ್ಲಿ ಹುಡುಗಿಯೊಬ್ಬಳು ಸಮುದ್ರತೀರದಲ್ಲಿ ಕಣ್ಣುಮುಚ್ಚಿ ಕೂತಿದ್ದಾಳೆ. ಅದನ್ನು ಕಾಫಿ ಒಣಗಿಸುವ ಕಣದ ಗೋಡೆಗೆ ಅಂಟಿಸಿದ್ದೇವೆ.

ಮೊದಲ ವಾರ ಒಬ್ಬೊಬ್ಬರನ್ನೂ ಕೇಳಿಯೇ ಒತ್ತಿಸಿದೆ. ಯಾರೋ ಹಳದಿ ಒತ್ತಿದರು. ಟ್ಯಾಬ್ ಒಂಬತ್ತು ಪ್ರಶ್ನೆ ಕೇಳಿತು. ಅವಕ್ಕೆ ಉತ್ತರ ತುಂಬುವವರೆಗೆ ಮುಂದಿನ ಹೆಸರು ತೆರೆಯುವುದಿಲ್ಲ. ಹೊರಗೆ ನೂರಹನ್ನೆರಡು ಜನ ಬುಟ್ಟಿ ಹಿಡಿದು ನಿಂತಿದ್ದರು. ರೈಟರ್ ದಯಾನಂದ, ಅಂದರೆ ಕೆಲಸ ಹಂಚುವ ಮೇಸ್ತ್ರಿ, ಕಿಟಕಿಯಲ್ಲಿ ತಲೆ ಹಾಕಿದ.

"ಮೇಡಂ, ಇದು ಮುಗ್ಯ ಹೊತ್ಗೆ ಹಣ್ಣೆಲ್ಲಾ ಉದುರ್ಹೋಯ್ತವೆ. ಹಸ್ರು ಒತ್ಬುಡಿ ಅತ್ಲಾಗೆ. ಎಲ್ರೂ ಚೆನ್ನಾಗವ್ರೆ."

"ನೀನು ಕೇಳಿದ್ದೀಯಾ ಅವರನ್ನ?"

"ಕೇಳೋದೇನೈತೆ? ಕೆಲ್ಸಕ್ಕೆ ಬಂದವ್ರಲ್ಲ."

ಎರಡನೆಯ ವಾರದಿಂದ ನಾನೇ ಒತ್ತತೊಡಗಿದೆ. ನೂರಹನ್ನೆರಡು ಹಸಿರಿಗೆ ನಾಲ್ಕು ನಿಮಿಷ ಸಾಕಾಗುತ್ತಿತ್ತು. ವರ್ಷದ ಕೊನೆಗೆ ನೂರಕ್ಕೆ ನೂರು ಕ್ಷೇಮ ಸಾಧಿಸಿದ ಎಸ್ಟೇಟೆಂದು ನೀವು ನಮಗೆ ಪ್ರಶಸ್ತಿಪತ್ರ ಕಳಿಸಿದಿರಿ. ಮಾನ್ಯರೇ, ನೂರಹನ್ನೆರಡು ಮನುಷ್ಯರು ವರ್ಷವಿಡೀ, ಒಂದು ದಿನವೂ ತಪ್ಪದೆ ಸುಖವಾಗಿರುವ ಜಾಗ ಭೂಮಿಯ ಮೇಲಿದೆಯೇ ಎಂದು ನಿಮ್ಮಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ಅಥವಾ ನನ್ನ ಹಾಗೆಯೇ ನಿಮಗೂ ಹಸಿರು ಅನುಕೂಲವಾಗಿತ್ತೇ?

ಈಗ ಕುಳ್ಳಯ್ಯನವರ ವಿಷಯ. ನಮ್ಮಲ್ಲಿ ಕೊಯ್ಲಿಗೆ ಇಳಿಯುವ ಮೊದಲು ಕಾವಲುಗಾರ ಅಂದು ಕೊಯ್ಯಬೇಕಾದ ತೋಟದ ಭಾಗದ, ಅಂದರೆ ಬ್ಲಾಕಿನ, ಒಳಗೆಲ್ಲ ನಡೆದು ಬರುತ್ತಾರೆ. ಲದ್ದಿ, ಹೆಜ್ಜೆ, ಮುರಿದ ರೆಂಬೆ ನೋಡುತ್ತಾರೆ. ಆನೆ ಇದೆಯೆಂದು ಕಂಡರೆ ಹಸಿ ಸೊಪ್ಪಿನ ಕೊಂಬೆಯೊಂದನ್ನು ಮುರಿದು ಕಾಲುದಾರಿಗೆ ಅಡ್ಡ ಹಾಕುತ್ತಾರೆ. ಅದನ್ನು ಯಾರೂ ದಾಟುವುದಿಲ್ಲ, ಮ್ಯಾನೇಜರ್ ಕೂಡ. ಆನೆ ಬಂದಿದೆಯೆಂದು ಫೋನಿಗೆ ಸಂದೇಶ ಬರುವ ಕಾಲ ಬಂದರೂ ಹೆಂಗಸರು ನಂಬುವುದು ಸೊಪ್ಪನ್ನು. ಹನ್ನೊಂದು ವರ್ಷದಿಂದ ಆ ಸೊಪ್ಪು ಹಾಕುತ್ತಿದ್ದವರು ಕುಳ್ಳಯ್ಯ.

ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಹಳ್ಳದ ಬ್ಲಾಕಿಗೆ ಸೊಪ್ಪು ಹಾಕಲಿಲ್ಲ. ಅಲ್ಲಿ ಅವರಿಗೆ ಆನೆಯ ಸುಳಿವು ಕಂಡಿರಲಿಲ್ಲ. ಆದರೆ ಬಿದಿರು ಮೆಳೆಯ ಹಿಂದೆ ಒಂಟಿ ಗಂಡಾನೆ ನಿಂತಿತ್ತು. ಮುಂದಿನ ಸಾಲಿನಲ್ಲಿ ಕೊಯ್ಯುತ್ತಿದ್ದ ಭದ್ರಮ್ಮ ತೀರಿಕೊಂಡರು. ಅವರು ಕುಳ್ಳಯ್ಯನವರ ಪಕ್ಕದ ಮನೆಯವರು. ಇಬ್ಬರ ಮನೆಗಳ ನಡುವೆ ಇದ್ದದ್ದು ಕಾರ್ಮಿಕರ ಸಾಲುಮನೆಯ, ಅಂದರೆ ಲೈನಿನ, ಒಂದೇ ಗೋಡೆ.

ನಾಲ್ಕನೆಯ ದಿನ ಕುಳ್ಳಯ್ಯನವರನ್ನು ಮತ್ತೆ ಅದೇ ಬ್ಲಾಕಿಗೆ ಕಳಿಸಿದೆವು. ಕಳಿಸಬಹುದೇ ಎಂದು ನಾವು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳುವ ಜಾಗವೇ ನಿಮ್ಮ ಟ್ಯಾಬಿನಲ್ಲಿ ಇರಲಿಲ್ಲ. ಅಂದು ಅವರು ಸೊಪ್ಪು ಹಾಕಿದರು. ಮರುದಿನವೂ ಹಾಕಿದರು. ಅದರ ಮರುದಿನವೂ.

ಮೊದಲು ಜನ ಸುಮ್ಮನಿದ್ದರು. ಆಮೇಲೆ, ಕೊಯ್ಯುವವರಲ್ಲಿ ಮಾತಿಗೆ ಮುಂದಾದ ಇಂದ್ರಮ್ಮ ಶುರುಮಾಡಿದರು. "ಏನ್ ಕುಳ್ಳಯ್ಯಣ್ಣ, ಇವತ್ತೂ ಸೊಪ್ಪಾ? ನಮ್ಮನೇಲಿ ಹಸ ಐತೆ, ಅದ್ರ ಮುಂದಾದ್ರೂ ಹಾಕು, ಹಾಲು ಕೊಡ್ತದೆ."

ಕುಳ್ಳಯ್ಯ ನಗಲಿಲ್ಲ. "ಹೋಗ್ಬ್ಯಾಡ ಕಣವ್ವ," ಎಂದರು, ಅಷ್ಟೇ. ಇಂದ್ರಮ್ಮ ಕೂಡ ಸೊಪ್ಪು ದಾಟಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಎಲ್ಲರೂ ಬೇರೆ ಬ್ಲಾಕಿಗೆ ಹೋದರು. ಹಳ್ಳದ ಬ್ಲಾಕಿನ ಹಣ್ಣು ನೆಲಕ್ಕೆ ಬಿತ್ತು. ಮ್ಯಾನೇಜರರ ಕಷ್ಟ ನನಗೆ ತಿಳಿಯದ್ದಲ್ಲ. ವರ್ಷದ ಬೆಳೆ ಬೀಳುವುದನ್ನು ನೋಡುತ್ತ ಯಾರೂ ಶಾಂತವಾಗಿರಲಾರರು. ಮ್ಯಾನೇಜರಿಗೂ ಒಂದು ಬಣ್ಣ ಬೇಕಿತ್ತೇನೋ.

ಹಾಗೆ ಸೊಪ್ಪು ಬಿದ್ದ ಹತ್ತನೆಯ ದಿನ ಕುಳ್ಳಯ್ಯನವರನ್ನು ಕಚೇರಿಗೆ ಕರೆದು ನಿಮ್ಮ ಆಪ್ತಸಮಾಲೋಚನೆಯ ಸಂಖ್ಯೆಗೆ ನಾನೇ ಫೋನ್ ಹಚ್ಚಿಕೊಟ್ಟೆ. ಆ ಕಡೆ ಇದ್ದವಳು ಕನ್ನಡದ ಹುಡುಗಿ, ಮೃದುವಾದ ದನಿ. ಅವಳನ್ನು ದೂರುತ್ತಿಲ್ಲ. ಅವಳ ಮುಂದೆ ಒಂದು ಹಾಳೆ ಇತ್ತೆಂದು ಕಾಣುತ್ತದೆ. ಸ್ಪೀಕರಿನಲ್ಲಿ ಕೇಳಿಸಿತು: "ನಿಮ್ಮ ಒತ್ತಡವನ್ನು ಒಂದರಿಂದ ಹತ್ತರ ಒಳಗೆ ಹೇಳಿ ಸರ್."

ಕುಳ್ಳಯ್ಯ ನನ್ನ ಕಡೆ ತಿರುಗಿದರು. "ಎಷ್ಟು ಹೇಳ್ಲಿ ಅಮ್ಮೋರೆ? ಅವ್ರಿಗೆ ಎಷ್ಟು ಬೇಕಂತೆ?"

ಎಂಟು ದಾಟಿದರೆ ಮೇಲಿನವರಿಗೆ ವರದಿ ಹೋಗುತ್ತದೆ, ಕುಳ್ಳಯ್ಯನವರ ಕೆಲಸಕ್ಕೆ ತೊಂದರೆಯಾಗಬಹುದು ಎಂದು ಲೆಕ್ಕ ಹಾಕಿ "ಐದು ಅನ್ನಿ" ಎಂದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಆಗ ಅನಿಸಿತ್ತು. ಐದಕ್ಕೆ ತಕ್ಕ ಸಲಹೆ ಬಂತು: "ಬೆಳಿಗ್ಗೆ ಬೇಗ ಎದ್ದು ಮರಗಿಡಗಳ ನಡುವೆ ಒಬ್ಬರೇ ಸ್ವಲ್ಪ ಹೊತ್ತು ನಡೆಯಿರಿ ಸರ್. ಮನಸ್ಸು ಹಗುರಾಗುತ್ತೆ."

"ಆಯ್ತವ್ವ," ಎಂದು ಕುಳ್ಳಯ್ಯ ಫೋನಿಟ್ಟರು. ಬಾಗಿಲ ಹತ್ತಿರ ನಿಂತು ನನಗೆ ಹೇಳಿದರು: "ನಾ ಎಲ್ಡು ಸಲ ನೋಡಿದ್ದೆ ಅಮ್ಮೋರೆ. ಆ ಮೆಳೆ ಸುತ್ತ ಎಲ್ಡು ಸಲ. ಈಗ ಎಲ್ಲಿ ನೋಡಿದ್ರೂ ನಿಂತಂಗೇ ಕಾಣ್ತದೆ. ಇಲ್ಲ ಅನ್ನಕ್ಕೆ ಬಾಯೇ ಬರಕ್ಕಿಲ್ಲ."

ಇದನ್ನು ಕೇಳಿಸಿಕೊಂಡ ಮೇಲೂ ಮರುದಿನ ಅವರ ಹೆಸರಿನ ಮುಂದೆ ಹಸಿರನ್ನೇ ಒತ್ತಿದೆ. ಯಾಕೆಂದು ಬಹಳ ಸಲ ಕೇಳಿಕೊಂಡಿದ್ದೇನೆ. ಅವರನ್ನು ಉಳಿಸಲಿಕ್ಕೆ ಎಂದು ಹೇಳಿದರೆ ಅರ್ಧ ನಿಜ. ಉಳಿದರ್ಧ, ಅದು ಅಭ್ಯಾಸವಾಗಿಬಿಟ್ಟಿತ್ತು.

ಹಾಗಾಗಿ ಜನವರಿಯಲ್ಲಿ ಆರೋಪಪತ್ರದ ಕರಡು ಬೆರಳಚ್ಚಿಗೆಂದು ನನ್ನ ಮೇಜಿಗೇ ಬಂದಾಗ, ಈ ಸಾಲನ್ನು ನನ್ನ ಕೈಯಿಂದಲೇ ಟೈಪು ಹೊಡೆಯಬೇಕಾಯಿತು: "ಸದರಿ ಕಾರ್ಮಿಕನು ಸದರಿ ಅವಧಿಯಲ್ಲಿ ತಾನು ಮಾನಸಿಕವಾಗಿ ಸ್ವಸ್ಥನಾಗಿರುವುದಾಗಿ ಪ್ರತಿದಿನವೂ ತಿಳಿಸಿರುತ್ತಾನೆ." ಕ್ಷೇಮಕ್ಕೆಂದು ಮಾಡಿದ ದಾಖಲೆ ಕೆಲಸದಿಂದ ತೆಗೆಯುವುದಕ್ಕೆ ಉಪಯೋಗಕ್ಕೆ ಬಂತು. ಅದನ್ನು ವಿಚಾರಣೆಗೆ ಕೊಟ್ಟದ್ದು ನಿಮ್ಮ ವಿಭಾಗ. ಒಬ್ಬ ಮನುಷ್ಯ ತನ್ನ ಮನಸ್ಸಿನ ಬಗ್ಗೆ ಹೇಳಿದ್ದನ್ನು ಗುಟ್ಟಾಗಿಡುತ್ತೇವೆಂದು ಟ್ಯಾಬಿನ ಮೊದಲ ಪುಟದಲ್ಲೇ ಬರೆದವರು ನೀವಲ್ಲವೇ? ನಾಳೆ ಯಾರಾದರೂ ನಿಜವಾಗಿ ಕೆಂಪು ಒತ್ತಿದರೆ ಅದು ಯಾವ ಮೇಜಿಗೆ ಹೋಗುತ್ತದೆ?

ಇದನ್ನು ಬರೆಯಲು ಕೂತಾಗ ನನ್ನ ಗಂಡ ಆಲ್ಬನ್ ಕೇಳಿದರು: "ಕುಳ್ಳಯ್ಯನ ಕೆಲ್ಸ ಉಳಿಸ್ಲಿಕ್ಕೆ ಬರೀತಿದ್ದೀಯಾ, ನಿನ್ನ ಮನಸ್ಸು ಹಗುರ ಮಾಡ್ಲಿಕ್ಕಾ?" ಎರಡೂ ಇರಬೇಕು ಎಂದೆ. ಎರಡನೆಯದೇ ಹೆಚ್ಚಿದ್ದರೆ ಕುಳ್ಳಯ್ಯ ಕ್ಷಮಿಸಲಿ. ಅವರ ಒಪ್ಪಿಗೆ ಕೇಳಲು ಲೈನಿಗೆ ಹೋಗಿದ್ದೆ. ಅವರು ಹೇಳಿದರು: "ಬರೀರಿ. ಆದ್ರೆ ತಲೆ ಕೆಟ್ಟೈತೆ ಅಂತ ಬರೀಬ್ಯಾಡಿ. ಹೆದ್ರಿಕೆ ಅಂತ ಬರೀರಿ."

ಬರೆದಿದ್ದೇನೆ. ಈಗ ನಿಮ್ಮಿಂದ ಬೇಕಾದದ್ದು. ಸೋಮವಾರದ ವಿಚಾರಣೆಯನ್ನು ಕೈಬಿಡಿ. ಕುಳ್ಳಯ್ಯನವರಿಗೆ ಕಣದಲ್ಲೋ ನರ್ಸರಿಯಲ್ಲೋ ಅದೇ ಸಂಬಳದ ಕೆಲಸ ಕೊಡಿ, ಕಾವಲಿಗೆ ಹಿಂದಿರುಗುವುದು ಬಿಡುವುದು ಅವರಿಗೆ ಸೇರಿದ್ದು. ಬ್ಲಾಕಿನಲ್ಲಿ ಆನೆ ಇಲ್ಲವೆನ್ನುವ ಭಾರವನ್ನು ಒಬ್ಬನೇ ಮನುಷ್ಯನ ಕೊರಳಿಗೆ ಕಟ್ಟಬೇಡಿ, ಇಬ್ಬರನ್ನು ಕಳಿಸಿ. ಟ್ಯಾಬನ್ನು ವಾಪಸು ತೆಗೆದುಕೊಳ್ಳಿ. ಅದರ ಬದಲು ತಿಂಗಳಿಗೊಮ್ಮೆ ಮನುಷ್ಯರೊಬ್ಬರನ್ನು ಕಳಿಸಿ, ನಮ್ಮಲ್ಲಿ ಯಾರಿಗೂ ಮೇಲಧಿಕಾರಿಯಲ್ಲದ, ಗಡಿಯಾರ ನೋಡದೆ ಲೈನಿನ ಜಗುಲಿಯ ಮೇಲೆ ಕೂರಬಲ್ಲ ಒಬ್ಬರನ್ನು.

ಕೈಬಿಡದಿದ್ದರೆ, ವಿಚಾರಣೆಯಲ್ಲಿ ಆರೋಪಿಯ ಪಕ್ಕ ಸಹೋದ್ಯೋಗಿಯೊಬ್ಬರು ಕೂರಬಹುದೆಂದು ಕಂಪನಿಯ ನಿಯಮದಲ್ಲೇ ಇದೆ. ಆ ಕುರ್ಚಿಯಲ್ಲಿ ಕೂರುವುದಾಗಿ ಕುಳ್ಳಯ್ಯನವರಿಗೆ ಮಾತು ಕೊಟ್ಟಿದ್ದೇನೆ. ಮೊದಲು ನನ್ನನ್ನೇ ಪ್ರಶ್ನಿಸಿ.

ಇಂತಿ,
ಸೋಮವಾರದವರೆಗಂತೂ ನಿಮ್ಮ ಸಿಬ್ಬಂದಿಯಾಗಿರುವ
ರೊವೀನಾ